ಮಡುವಿನ ಹೆಣ್ಣು ಕೇಳುವ ನ್ಯಾಯ

ಕಡಲ ನಾಡುಗಳ ಕಥೆಯಲ್ಲಿ ಮತ್ಸ್ಯಕನ್ಯೆ ಮೇಲೆ ಚೆಲುವೆ, ಸೊಂಟದ ಕೆಳಗೆ ಮೀನು. 1493ರ ಜನವರಿಯಲ್ಲಿ ಕೆರಿಬಿಯನ್ ದ್ವೀಪಗಳ ಬಳಿ ಅಂಥ ಮೂವರನ್ನು ಕಂಡೆನೆಂದೂ, ಚಿತ್ರದಲ್ಲಿ ಬರೆಯುವಷ್ಟು ಚೆಂದ ಅವರಿಲ್ಲವೆಂದೂ ಕೊಲಂಬಸ್ ಹೇಳಿದ. ಅವು ಕಡಲಹಸುಗಳಿರಬೇಕು ಎಂಬುದು ಇಂದಿನ ವಿವರಣೆ. ನಮ್ಮ ಕೊಳ್ಳೇಗಾಲ ಸೀಮೆಯ ಕಾವೇರಿಯಲ್ಲಿ ಮೊಸಳೆಯುಂಟು, ನೀರುನಾಯಿಯುಂಟು, ಕಡಲಹಸುವಿಲ್ಲ. ಅರೆಹೆಣ್ಣಿನ ರೂಪ ಬೇಕೆಂದರೆ ಅರಳಿಕಟ್ಟೆಯ ನಾಗರಕಲ್ಲನ್ನು ನೋಡಬೇಕು. ಅಲ್ಲಿ ಅವಳ ಕೆಳಮೈ ಹಾವು. ಹಾಗೆಂದು ಮುಳ್ಳೂರಿನಂಥ ದಂಡೆಯ ಊರುಗಳ ನೀರಿಗೆ ಕಥೆಯ ಹೆಣ್ಣು ಇಲ್ಲದಿಲ್ಲ. ಮುಳ್ಳೂರಿನ ಕಡೆಗೆ ಹರಿದು ಬರುವ ಹೊಳೆ ಅದಕ್ಕೂ ಮೊದಲು ತಲಕಾಡು, ಮಾಲಂಗಿಗಳನ್ನು ಹಾದು ಬರುತ್ತದೆ. ಆ ಮಾಲಂಗಿಯ ಮಡುವಿಗೆ ಹಾರಿದವಳು ಅಲಮೇಲಮ್ಮ.

1610ರಲ್ಲಿ ಮೈಸೂರಿನ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡರು. ಅಲ್ಲಿದ್ದ ವಿಜಯನಗರದ ಪ್ರತಿನಿಧಿಯ ಮಡದಿ ಅಲಮೇಲಮ್ಮ. ರಂಗನಾಯಕಿ ದೇವಿಗೆ ತೊಡಿಸುತ್ತಿದ್ದ ಒಡವೆಗಳು ಅವಳ ಬಳಿಯಿದ್ದವು. ಅವನ್ನು ತರಲು ಸೈನಿಕರು ಬೆನ್ನಟ್ಟಿದಾಗ, ತಲಕಾಡು ಮರಳಾಗಲೆಂದೂ ಅರಸುಮನೆಗೆ ಕೇಡಾಗಲೆಂದೂ ಶಾಪವಿಟ್ಟು ನೀರಿಗೆ ಬಿದ್ದಳು ಎನ್ನುತ್ತದೆ ಐತಿಹ್ಯ. ಕಡಲ ಕನ್ನೆ ನಾವಿಕರ ಆಸೆ ಮತ್ತು ಅಂಜಿಕೆಗಳಿಂದ ಹುಟ್ಟಿದವಳು. ನಮ್ಮ ಹೊಳೆಯ ಹೆಣ್ಣು ಯಾರೂ ಕೇಳಿಸಿಕೊಳ್ಳದ ಒಂದು ದೂರಿನಿಂದ ಹುಟ್ಟಿದವಳು. ಗೆದ್ದವರ ಅರಮನೆಯೇ ಅವಳ ಮೂರ್ತಿಯನ್ನಿಟ್ಟು ಪೂಜಿಸುತ್ತಾ ಬಂದದ್ದು ಆ ದೂರಿನ ತೂಕಕ್ಕೆ ಸಾಕ್ಷಿ.

ತಲಕಾಡಿನ ಮರಳಿಗೆ ಶಾಪವೆಲ್ಲಿಯ ಕಾರಣ ಎಂದು ಕೇಳಬಹುದು. ಸರಿಯಾದ ಪ್ರಶ್ನೆಯೇ. ಹೊಳೆಗೆ ಅಡ್ಡಲಾಗಿ ಕಟ್ಟಿದ ಮಾಧವಮಂತ್ರಿ ಕಟ್ಟೆಯಿಂದ ಹರಿವು ತಗ್ಗಿ, ಬಯಲಾದ ಮರಳನ್ನು ಗಾಳಿ ಊರೊಳಗೆ ಹೊತ್ತು ತಂದಿತೆಂದು ಸಂಶೋಧಕರು ವಿವರಿಸುತ್ತಾರೆ, ಅದನ್ನು ಒಪ್ಪೋಣ. ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ: ಇಂಥ ಕಥೆ ಹೆಣ್ಣಿನ ಸಾವನ್ನು ವೈಭವೀಕರಿಸುವುದಿಲ್ಲವೆ? ಸಾವನ್ನಷ್ಟೇ ಹೊಗಳಿ ನಿಲ್ಲಿಸಿದರೆ ಖಂಡಿತ ಹಾಗಾಗುತ್ತದೆ. ಆದರೆ ಜನಪದರು ಅಲ್ಲಿಗೆ ನಿಲ್ಲಿಸಿಲ್ಲ. ‘ಕೆರೆಗೆ ಹಾರ’ ಎಂಬ ಕಥನಗೀತೆಯಲ್ಲಿ ಸೊಸೆ ಭಾಗೀರಥಿಯನ್ನು ಬಲಿಕೊಟ್ಟ ಮನೆ ತನ್ನ ಮಗನನ್ನೂ ಅದೇ ಕೆರೆಗೆ ಕಳೆದುಕೊಳ್ಳುತ್ತದೆ. ಅಲಮೇಲಮ್ಮನ ಕಥೆಯಲ್ಲಿ ಅರಸೊತ್ತಿಗೆಯೇ ಶಾಪ ಹೊರುತ್ತದೆ. ಹೆಣ್ಣನ್ನು ನೀರಿಗೆ ನೂಕಿದವರನ್ನು ಕಥೆ ಸುಮ್ಮನೆ ಬಿಡುವುದಿಲ್ಲ.

2018, 2019ರಲ್ಲಿ ಮೇಲಿನ ಜಲಾಶಯಗಳಿಂದ ಬಿಟ್ಟ ನೀರು ಮುಳ್ಳೂರು, ದಾಸನಪುರದ ಕಡೆಗೆ ನುಗ್ಗಿತು. ನೀರು ಏಕೆ ಬಂತೆಂದು ವಿಜ್ಞಾನ ಹೇಳಬಲ್ಲದು. ಮನೆ, ಪೈರು ಕಳೆದುಕೊಂಡವರಿಗೆ ಉತ್ತರ ಕೊಡಬೇಕಾದವರು ಯಾರು ಎಂಬ ಪ್ರಶ್ನೆ ಬೇರೆಯದು. ಅಲಮೇಲಮ್ಮನ ಕಥೆ ನಾನೂರು ವರ್ಷ ಕಾಪಾಡಿಕೊಂಡು ಬಂದದ್ದು ಆ ಪ್ರಶ್ನೆಯನ್ನೇ. ಮಕ್ಕಳಿಗೆ ಮರಳಿನ ವಿಜ್ಞಾನವನ್ನು ಕಲಿಸೋಣ, ಈ ಕಥೆಯನ್ನೂ ಹೇಳೋಣ. ಕಾರಣ ಹುಡುಕುವ ಬುದ್ಧಿಯ ಜೊತೆಗೆ ನ್ಯಾಯ ಕೇಳುವ ಎದೆಯೂ ಅವರಿಗೆ ಬೇಕು.