ಕರೇಜಿನ ದಾರಿ ಸರ್ವೆ ನಕ್ಷೆಗೆ ಬರಲಿ

ಬೀದರಿನ ಗಾಂಧಿ ಗಂಜಿನ ಅಡತಿ ಅಂಗಡಿಗಳ ಮುಂದೆ ತೊಗರಿ ಚೀಲ ಇಳಿಸಿ ಕೂತವರು ಕೇಳುವುದು ಎರಡೇ ಮಾತು: "ಬೋರ್ ಒಣಗ್ಯಾದ, ಇನ್ನಾ ಆಳ ಹೊಡಸ್ಲೇನ್ರಿ? ವಿಜ್ಞಾನಿಗಳು ಅಳತಿ ಮಾಡಿ ಹೋದ್ರು, ನಮಗೇನು ಬಂತು?"

ಬೀದರ್ ಊರಿನಡಿ ಇರುವುದು ಕೆಂಪು ಜಂಬಿಟ್ಟಿಗೆ, ಅದರಡಿ ಕರಿಕಲ್ಲು. ಮಳೆನೀರು ಜಂಬಿಟ್ಟಿಗೆಯ ತೂತುಗಳಲ್ಲಿ ಇಳಿದು, ತಳದ ಜೇಡಿಗೆ ತಾಗಿ, ಪಕ್ಕಕ್ಕೆ ಸರಿದು, ದಿಬ್ಬದ ಅಂಚಿನಲ್ಲಿ ಝರಿಯಾಗುತ್ತದೆ. ಊರಿನ ನಾನಕ್ ಝೀರಾ ಗುರುದ್ವಾರದ ಝರಿಯ ನೀರು ಇದೇ. 15ನೇ ಶತಮಾನದಲ್ಲಿ, ಬಹಮನಿ ಸುಲ್ತಾನರ ಕಾಲದಲ್ಲಿ, ಬೀದರಿನ ನೌಬಾದಿನಲ್ಲಿ ಕರೇಜ್, ಅಂದರೆ ನೆಲದಡಿಯ ನೀರಿನ ಸುರಂಗ, ತೋಡಿದವರು ಈ ಗುಟ್ಟು ಅರಿತೇ ತೋಡಿದರು. ಹೂಳು ತೆಗೆದ ಮೇಲೆ ನಾನೂ ಆ ಸುರಂಗಕ್ಕೆ ಇಳಿದೆ. ಗೋಡೆ ಮುಟ್ಟಿದರೆ ಅಂಗೈ ಒದ್ದೆ. ಕೆಂಪು ಕಲ್ಲಿನ ಸಂದಿಯಿಂದ ನೀರು ಜಿನುಗುತ್ತಿತ್ತು. ಮತ್ತೆ ಹೇಳುತ್ತೇನೆ: ಮೇಲೆ ಇಂಗಿದರೆ ಕೆಳಗೆ ನೀರು. ಮೇಲೆ ಕಾಂಕ್ರೀಟು ಬಿದ್ದರೆ ಕೆಳಗೆ ಒಣಕಲು. ಕರೇಜಿನ ಸುರಂಗಕ್ಕೆ ಇಳಿಯುವ ಗಾಳಿಬಾವಿಗೆ ಕಸ ಸುರಿದು ಮುಚ್ಚಿದರೆ ಹಾಳಾಗುವುದು ಆ ಒಂದು ಬಾವಿಯಲ್ಲ, ಇಡೀ ಸಾಲು.

ಮೊದಲ ಪ್ರಶ್ನೆ, ಇನ್ನೂ ಆಳ ಕೊರೆಸಬೇಕೇ ಎಂಬುದು. ನೀರು ಹುಡುಕುವವರ ಅಂಗೈಯಲ್ಲಿ ತೆಂಗಿನಕಾಯಿ ಎದ್ದು ನಿಂತರೆ ಪಾತಾಳಗಂಗೆ ಇದೆ ಎಂಬ ಮಾತು ಇನ್ನು ಸಾಕು. ಕರಿಕಲ್ಲಿನಲ್ಲಿ ನೀರಿರುವುದು ಬಿರುಕಿನಲ್ಲಿ, ಶಿಥಿಲಗೊಂಡ ಪದರದಲ್ಲಿ. ಅದನ್ನು ದಾಟಿ ಬರೀ ಗಟ್ಟಿ ಬಂಡೆ ಕೊರೆದರೆ ಸಾಲವಷ್ಟೇ ಆಳವಾಗುತ್ತದೆ.

ಇನ್ನು ಎರಡನೆಯ ಪ್ರಶ್ನೆ, ಅಳತೆಯಿಂದ ನಮಗೇನು ಬಂತು ಎಂಬುದು. ಪಾಲಕ್ಕಾಡಿನ ಭೂಗೋಳ ಪ್ರಾಧ್ಯಾಪಕ ಗೋವಿಂದನ್‌ಕುಟ್ಟಿ ನೌಬಾದಿನ ಕರೇಜನ್ನು ಅಳೆದು ನಕ್ಷೆ ಮಾಡಿದರು. ವಿಜ್ಞಾನದ ಕೆಲಸ ಆಯಿತು. ಆದರೆ ಸರ್ಕಾರದ ಅಂತರ್ಜಲ ಲೆಕ್ಕ ತಾಲೂಕುವಾರು. ರಾಜ್ಯದ 2011ರ ಅಂತರ್ಜಲ ಕಾಯ್ದೆ ಅಧಿಸೂಚಿತ ಪ್ರದೇಶದಲ್ಲಿ ಬೋರಿಗೆ ಅನುಮತಿ ಕೇಳುತ್ತದೆ, ಸರಿ. ಆದರೆ ನೀರಿಗೆ ತಾಲೂಕಿನ ಗಡಿ ಗೊತ್ತಿಲ್ಲ, ಕಲ್ಲಿನ ಗಡಿ ಮಾತ್ರ ಗೊತ್ತು. ಜಿಲ್ಲೆಯ ಔರಾದ್, ಭಾಲ್ಕಿಯ ಕರಿನೆಲದ ರೀತಿ ಬೇರೆ, ಕೆಂಪುಕಲ್ಲಿನ ರೀತಿ ಬೇರೆ. ತಾಲೂಕಿನ ಸರಾಸರಿಯಲ್ಲಿ ಕರೇಜಿನ ದಾರಿ ಕಾಣುವುದೇ ಇಲ್ಲ. ಲೇಔಟಿಗೆ ಸಹಿ ಹಾಕುವ ಅಧಿಕಾರಿಯ ಮುಂದಿರುವುದು ಸರ್ವೆ ನಂಬರು. ನೀರು ಇಂಗುವ ಜಾಗ ಯಾವ ಸರ್ವೆ ನಂಬರಿನಲ್ಲಿದೆ ಎಂದು ಊರಿನ ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ಬರೆಯದಿದ್ದರೆ ಸಂಶೋಧನೆ ಕಪಾಟಿನಲ್ಲೇ ಉಳಿಯುತ್ತದೆ.

ಕೊನೆಗೆ ಚುಟುಕಾಗಿ ಹೇಳುತ್ತೇನೆ. ಬಾವಿಯ ನೀರಿನ ಮಟ್ಟವನ್ನು ಮಳೆಗಾಲಕ್ಕೆ ಮುಂಚೆ, ಆಮೇಲೆ ಬರೆದಿಡಿ. ಗ್ರಾಮಸಭೆಯಲ್ಲಿ ಆ ಲೆಕ್ಕ ಓದಿ. ಮಹಾಯೋಜನೆಯ ಕರಡು ಬಂದಾಗ ಆಕ್ಷೇಪಣೆ ಸಲ್ಲಿಸುವ ಹಕ್ಕು ನಿಮಗಿದೆ. ನೀರಿಂಗುವ ನೆಲ ಅದರಲ್ಲಿ ಗುರುತಾಗಿಲ್ಲದಿದ್ದರೆ ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ.