ತಗಡಿನ ಮನೆ, ಬಾಡಿಗೆಯ ನೆಲ, ಒಂದು ಕಿಟಕಿ

(ಗ್ರಾಮಸ್ಥರ ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಒಲೆಯ ಮೇಲಿನ ಅಟ್ಟವನ್ನೇ ನೆಚ್ಚಿಕೊಳ್ಳುವ ಮಲೆನಾಡಿನಲ್ಲಿ ಹವಾನಿಯಂತ್ರಣ ಯಂತ್ರದ ಕುರಿತು ಉಪನ್ಯಾಸವೆಂದರೆ ಕೆಲವರಿಗೆ ವಿಚಿತ್ರವೆನಿಸಬಹುದು. ಪರಿಸರದ ಸಭೆಯಲ್ಲಿ ಎ.ಸಿ.ಯ ಪರವಾಗಿ ಮಾತು ಕೇಳಿಬಂದರಂತೂ ಇನ್ನೂ ವಿಚಿತ್ರ. ಆದರೂ ಅಮೆರಿಕದ ಅರಿಝೋನಾ ರಾಜ್ಯವು 2024ರಲ್ಲಿ ಅಂಗೀಕರಿಸಿದ ಒಂದು ಪುಟ್ಟ ಕಾನೂನನ್ನು ಬಿಡಿಸಿ ನೋಡಿದರೆ, ಬಿಸಿಲು ಎಲ್ಲರ ಮೇಲೂ ಒಂದೇ ಸಮನಾಗಿ ಬಿದ್ದರೂ ಅದರ ಪೆಟ್ಟು ಏಕೆ ಒಂದೇ ಸಮನಾಗಿರುವುದಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಆ ಕಾನೂನು ಮೊಬೈಲ್ ಹೋಮ್‌ಗಳಲ್ಲಿ ವಾಸಿಸುವವರಿಗೆ ಸಂಬಂಧಿಸಿದುದು. ಮೊಬೈಲ್ ಹೋಮ್ ಎಂದರೆ ಚಲಿಸುವ ಮನೆ. ಚಲನೆ ಬಹುಪಾಲು ಹೆಸರಿನಲ್ಲಿ ಮಾತ್ರ. ಕಾರ್ಖಾನೆಯಲ್ಲಿ ಉಕ್ಕಿನ ಚೌಕಟ್ಟಿನ ಮೇಲೆ ಕಟ್ಟಿ, ಗಾಲಿಗಳ ಮೇಲೆ ಎಳೆದು ತಂದು ಒಂದೆಡೆ ಇರಿಸಿದ ಬಳಿಕ ಹೆಚ್ಚಿನವು ಮತ್ತೆಂದೂ ಕದಲುವುದಿಲ್ಲ. ಇನ್ನೊಂದೆಡೆಗೆ ಸಾಗಿಸುವ ಖರ್ಚೇ ಸಾವಿರಾರು ಡಾಲರು. ಹಳೆಯ ಮನೆಯಾದರೆ ಬೇರೆ ಪಾರ್ಕಿನವರು ಒಳಗೆ ಬಿಟ್ಟುಕೊಳ್ಳುವುದೂ ಕಷ್ಟ. ಅಮೆರಿಕದಲ್ಲಿ ಸುಮಾರು 2 ಕೋಟಿ ಜನ ಇಂತಹ ಕಾರ್ಖಾನೆ ನಿರ್ಮಿತ ಮನೆಗಳಲ್ಲಿದ್ದಾರೆ. ಅವರಲ್ಲಿ ಅನೇಕರು ನಿವೃತ್ತ ವೃದ್ಧರು, ಕಡಿಮೆ ಆದಾಯದ ಕಾರ್ಮಿಕರು. ಆ ದೇಶದಲ್ಲಿ ಬಡವನಿಗೆ ಸ್ವಂತ ಮನೆ ಎಂದು ಹೇಳಿಕೊಳ್ಳಲು ಉಳಿದಿರುವ ಕೆಲವೇ ದಾರಿಗಳಲ್ಲಿ ಇದೂ ಒಂದು.

ಆದರೆ ಪಾರ್ಕಿನಲ್ಲಿರುವವರ ಪಾಲಿಗೆ ಮನೆ ಸ್ವಂತದ್ದು, ಅದರ ಅಡಿಯ ನೆಲ ಸ್ವಂತದ್ದಲ್ಲ. ನೆಲಕ್ಕೆ ತಿಂಗಳು ತಿಂಗಳು ಬಾಡಿಗೆ ತೆರಬೇಕು. ಒಡೆಯನ ನಿಯಮಾವಳಿಗೆ ಒಪ್ಪಿ ರುಜು ಹಾಕಿರಬೇಕು. ಹಕ್ಕುಪತ್ರವಿಲ್ಲದ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗೆ ಈ ಸಂಕಟದ ಒಂದು ಮುಖ ಪರಿಚಿತವೇ. ಅಲ್ಲಿ ನೆಲದ ಒಡೆಯ ಸರ್ಕಾರವಲ್ಲ, ಖಾಸಗಿ ವ್ಯಕ್ತಿ ಅಥವಾ ಕಂಪನಿ ಎಂಬುದಷ್ಟೇ ವ್ಯತ್ಯಾಸ. ನಿಯಮಾವಳಿಯಲ್ಲಿ ನಾಯಿಯ ಗಾತ್ರದಿಂದ ಹಿಡಿದು ಗೋಡೆಯ ಬಣ್ಣದವರೆಗೆ ಎಲ್ಲವೂ ಇರಬಹುದು. ಕೆಲವು ಪಾರ್ಕುಗಳು ಕಿಟಕಿಗೆ ಎ.ಸಿ. ಕೂರಿಸುವುದನ್ನೂ, ಬಿಸಿಲು ತಡೆಯಲು ಗಾಜಿಗೆ ಹೊಳೆಯುವ ತಗಡುಹಾಳೆ ಅಂಟಿಸುವುದನ್ನೂ ನಿಷೇಧಿಸಿದ್ದವು. ಕಾರಣ ಬಹಳ ಸರಳ: ಬೀದಿಯಿಂದ ನೋಡಲು ಚೆನ್ನಾಗಿರುವುದಿಲ್ಲ! ನಿಯಮ ಮೀರಿದವರಿಗೆ ನೋಟೀಸು, ಸರಿಪಡಿಸದಿದ್ದರೆ ತೆರವು. ಮನೆಯನ್ನು ಎತ್ತಿಕೊಂಡು ಹೋಗಲಾಗದವನಿಗೆ ತೆರವೆಂದರೆ ಮನೆಯನ್ನೇ ಕಳೆದುಕೊಂಡಂತೆ. ಆದ್ದರಿಂದ ಹೆಚ್ಚಿನವರು ಬಾಯಿ ಮುಚ್ಚಿಕೊಂಡು ಬೇಯುತ್ತಿದ್ದರು.

ಬೇಯುವುದು ಎಂಬ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ. ಅರಿಝೋನಾದ ಫೀನಿಕ್ಸ್ ನಗರದಲ್ಲಿ 2023ರ ಬೇಸಿಗೆಯಲ್ಲಿ ಸತತ 31 ದಿನ ಉಷ್ಣಾಂಶ 43 ಡಿಗ್ರಿ ಸೆಲ್ಸಿಯಸ್ ದಾಟಿತು. ಅದಕ್ಕಿಂತ ಘೋರವಾದುದು ರಾತ್ರಿ: ಸತತ 16 ದಿನ ಕನಿಷ್ಠ ಉಷ್ಣಾಂಶವೇ 32 ಡಿಗ್ರಿಗಿಂತ ಕೆಳಗಿಳಿಯಲಿಲ್ಲ. ಹಗಲಿನ ತಾಪದಿಂದ ಬಳಲಿದ ದೇಹಕ್ಕೆ ಚೇತರಿಸಿಕೊಳ್ಳಲು ಇರುವ ಬಿಡುವೆಂದರೆ ರಾತ್ರಿಯ ತಂಪು. ಅದು ಸಿಗದಿದ್ದರೆ ವೃದ್ಧರ ಹೃದಯ ಮೊದಲು ಸೋಲುತ್ತದೆ. ಫೀನಿಕ್ಸ್ ಇರುವ ಮಾರಿಕೋಪಾ ಕೌಂಟಿಯ ಆರೋಗ್ಯ ಇಲಾಖೆಯ ಲೆಕ್ಕದಂತೆ ಆ ವರ್ಷ ಉಷ್ಣಸಂಬಂಧಿ ಸಾವುಗಳು 645, 2024ರಲ್ಲಿ 608. ಸತ್ತವರಲ್ಲಿ ಹೆಚ್ಚಿನವರು ಮನೆಯ ಹೊರಗೆ, ಬೀದಿಯಲ್ಲಿ ಸತ್ತವರು. ಆದರೆ ಮನೆಯೊಳಗೆ ಸತ್ತವರ ಪಟ್ಟಿ ಬೇರೆಯೇ ಕತೆ ಹೇಳುತ್ತದೆ. ಕೌಂಟಿಯ ಒಟ್ಟು ಮನೆಗಳಲ್ಲಿ ಮೊಬೈಲ್ ಹೋಮ್‌ಗಳು ಶೇಕಡಾ 5ರ ಆಸುಪಾಸು. ಕೆಲವು ವರ್ಷಗಳಲ್ಲಿ ಮನೆಯೊಳಗಿನ ಉಷ್ಣ ಸಾವುಗಳಲ್ಲಿ ಅವುಗಳ ಪಾಲು ಕಾಲುಭಾಗದಷ್ಟು.

ಇದಕ್ಕೆ ಕಾರಣ ಮನೆಯ ರಚನೆಯಲ್ಲೇ ಅಡಗಿದೆ. ಜಂಬಿಟ್ಟಿಗೆಯ ಅಥವಾ ಮಣ್ಣಿನ ದಪ್ಪ ಗೋಡೆ ಹಗಲಿನ ಬಿಸಿಯನ್ನು ನಿಧಾನವಾಗಿ ಹೀರಿಕೊಳ್ಳುತ್ತದೆ. ಹಂಚಿನ ಮಾಡಿಗೂ ಕೋಣೆಗೂ ನಡುವೆ ಅಟ್ಟದ ಗಾಳಿ ಇರುತ್ತದೆ. ಹಳೆಯ ಮೊಬೈಲ್ ಹೋಮ್‌ನಲ್ಲಿ ಇವೆರಡೂ ಇಲ್ಲ. ತೆಳುವಾದ ಲೋಹದ ಹೊದಿಕೆ, ಅದರೊಳಗೆ ಒಂದೆರಡು ಅಂಗುಲ ಗಾಜಿನ ನಾರು, ಹೆಚ್ಚುಕಡಿಮೆ ಸಪಾಟಾದ ತಗಡಿನ ಮಾಡು, ನೆಲದಡಿಯಲ್ಲಿ ಟೊಳ್ಳು. ಬೇಸಿಗೆಯ ಮಧ್ಯಾಹ್ನ ಸಿಮೆಂಟ್ ಶೀಟಿನ ಕೊಟ್ಟಿಗೆಯೊಳಗೆ ನಿಂತವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಮೆರಿಕದ ಕೇಂದ್ರ ಸರ್ಕಾರ ಇಂತಹ ಮನೆಗಳಿಗೆ ನಿರ್ಮಾಣ ಸಂಹಿತೆ ಜಾರಿಗೆ ತಂದುದು 1976ರ ಜೂನ್ 15ರಂದು. ಅದಕ್ಕೂ ಮೊದಲು ಕಟ್ಟಿದವು ಇನ್ನೂ ಜನವಸತಿಯಲ್ಲಿವೆ.

ಮನೆಯೊಳಗೆ ಸತ್ತವರಲ್ಲಿ ಹೆಚ್ಚಿನವರ ಮನೆಯಲ್ಲಿ ಎ.ಸಿ. ಇರಲಿಲ್ಲವೆಂದು ಯಾರಾದರೂ ಊಹಿಸಿಯಾರು. ವಾಸ್ತವ ಹಾಗಲ್ಲ. ಯಂತ್ರ ಇತ್ತು, ಕೆಟ್ಟಿತ್ತು. ಇಲ್ಲಿಯೇ ಆ ಕಿಟಕಿಯ ನಿಯಮ ಪ್ರಾಣದ ಪ್ರಶ್ನೆಯಾಗುವುದು. ಇಡೀ ಮನೆಗೆ ತಂಪು ಹಂಚುವ ದೊಡ್ಡ ಯಂತ್ರ ಜುಲೈ ತಿಂಗಳಲ್ಲಿ ಕೆಟ್ಟುಹೋದರೆ ಹೊಸದಕ್ಕೆ ಸಾವಿರಾರು ಡಾಲರು ಬೇಕು. ಪಿಂಚಣಿಯಲ್ಲಿ ದಿನ ದೂಡುವ ವೃದ್ಧೆಗೆ ಅದು ಎಟುಕದು. ಅಂಗಡಿಯಲ್ಲಿ ಕೆಲವು ನೂರು ಡಾಲರಿಗೆ ಸಿಗುವ ಸಣ್ಣ ಯಂತ್ರವನ್ನು ಮಲಗುವ ಕೋಣೆಯ ಕಿಟಕಿಗೆ ಕೂರಿಸಿದರೆ ಅಷ್ಟರಮಟ್ಟಿಗೆ ಜೀವ ಉಳಿಯುತ್ತದೆ. ಅತಿ ಚಿಕ್ಕದಾದರೆ ಅದು ಬಳಸುವ ವಿದ್ಯುತ್ತು ಸುಮಾರು 500 ವ್ಯಾಟ್, ಅಂದರೆ ಒಂದು ಅಶ್ವಶಕ್ತಿಯ ಪಂಪ್‌ಸೆಟ್ಟಿಗಿಂತಲೂ ಕಡಿಮೆ. ಆ ಕಿಟಕಿಯನ್ನೇ ನಿಯಮ ಮುಚ್ಚಿತ್ತು.

ನೀರಿನ ಕೂಲರ್ ಸಾಲದೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ಲಾವಂಚದ ತಟ್ಟಿಗೆ ನೀರು ಚಿಮುಕಿಸಿದರೆ ಹಾಯುವ ಗಾಳಿ ತಂಪಾಗುವಂತೆ, ನೀರು ಆವಿಯಾಗುವಾಗ ಗಾಳಿಯ ಶಾಖವನ್ನು ಎಳೆದುಕೊಳ್ಳುತ್ತದೆ. ಫೀನಿಕ್ಸ್ ಮರುಭೂಮಿಯ ಒಣ ಗಾಳಿಯಲ್ಲಿ, ಮೇ–ಜೂನ್ ತಿಂಗಳಲ್ಲಿ ಇದು ಕಡಿಮೆ ವಿದ್ಯುತ್ತಿನಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಅಲ್ಲಿಗೂ ಒಂದು ಮುಂಗಾರು ಇದೆ. ಜುಲೈ–ಆಗಸ್ಟ್‌ನಲ್ಲಿ ಗಾಳಿಯ ತೇವ ಏರಿದಾಗ ನೀರು ಬೇಗನೆ ಆವಿಯಾಗುವುದಿಲ್ಲ. ಕೂಲರ್ ತಂಪಿನ ಬದಲು ಸೆಕೆಯನ್ನೇ ಊದುತ್ತದೆ.

2024ರ ಕಾನೂನಿಗೆ ಅರಿಝೋನಾದ ರಾಜ್ಯಪಾಲೆ ಕೇಟಿ ಹಾಬ್ಸ್ ಸಹಿ ಹಾಕಿದರು. (ಅಲ್ಲಿ ರಾಜ್ಯಪಾಲರು ಜನರಿಂದಲೇ ಆಯ್ಕೆಯಾಗಿ ಆಡಳಿತ ನಡೆಸುವವರು.) ಬೇಗೆಯಿಂದ ಬರುವ ಕಾಯಿಲೆ, ಸಾವುಗಳನ್ನು ತಡೆಯಲು ನಿವಾಸಿಗಳು ಅಳವಡಿಸುವ ನ್ಯಾಯಸಮ್ಮತವಾದ ತಂಪು ಸಾಧನಗಳನ್ನು ಪಾರ್ಕಿನ ಒಡೆಯರು ನಿಷೇಧಿಸುವಂತಿಲ್ಲ ಎಂಬುದು ಅದರ ಸಾರ. ಕಿಟಕಿಯ ಯಂತ್ರ, ಕಿಟಕಿಯ ಹೊದಿಕೆ, ನೆರಳಿನ ಚಾಚು ಮೊದಲಾದವು ಇದರಲ್ಲಿ ಸೇರುತ್ತವೆ.

ಒಡೆಯರ ವಾದವನ್ನೂ ಕೇಳದೆ ಬಿಡಬಾರದು. ಸರಿಯಾಗಿ ಬಿಗಿಯದ ಯಂತ್ರ ಬಿದ್ದೀತು, ನೀರು ತೊಟ್ಟಿಕ್ಕಿ ಗೋಡೆ ಕೊಳೆತೀತು, ಬೆಂಕಿ ಹತ್ತಿದಾಗ ಹೊರಬೀಳಬೇಕಾದ ಕಿಟಕಿಯೇ ಮುಚ್ಚಿಹೋದೀತು, ಹಳೆಯ ತಂತಿ ಹೊರೆ ತಾಳಲಾರದೆ ಸುಟ್ಟೀತು. ಇವೆಲ್ಲ ನಿಜವಾದ ಅಪಾಯಗಳು. ಪಶ್ಚಿಮ ಕರಾವಳಿಯ ಒರೆಗಾನ್ ರಾಜ್ಯ ಇವನ್ನು ತೂಗಿ ನೋಡಿತು. 2021ರ ಜೂನ್ 28ರಂದು ಆ ರಾಜ್ಯದ ಪೋರ್ಟ್‌ಲೆಂಡ್ ನಗರದಲ್ಲಿ ಉಷ್ಣಾಂಶ 46 ಡಿಗ್ರಿ ದಾಟಿತ್ತು; ಆ ಬೇಗೆಯಲ್ಲಿ ನಗರವಿರುವ ಕೌಂಟಿಯೊಂದರಲ್ಲೇ 60ಕ್ಕೂ ಹೆಚ್ಚು ಜನ ಸತ್ತಿದ್ದರು. ಮರುವರ್ಷವೇ ಬಾಡಿಗೆದಾರರಿಗೆ ಕಿಟಕಿಯ ಅಥವಾ ಸಾಗಿಸಬಹುದಾದ ಎ.ಸಿ. ಇಟ್ಟುಕೊಳ್ಳುವ ಹಕ್ಕನ್ನು ಆ ರಾಜ್ಯ ಕಾನೂನಿನಲ್ಲಿ ಬರೆಯಿತು. ಮನೆಯೊಡೆಯ ಬೇಡವೆನ್ನಬಹುದಾದ ಸಂದರ್ಭಗಳನ್ನೂ ಅದು ಹೆಸರಿಸಿದೆ: ತುರ್ತು ನಿರ್ಗಮನದ ಕಿಟಕಿ, ತಂತಿಯ ಸಾಮರ್ಥ್ಯ ಮೀರಿದ ಹೊರೆ, ಕಟ್ಟಡಕ್ಕೆ ಹಾನಿ, ಬೀಳುವ ಭಯ. ನೋಟ ಕೆಡುತ್ತದೆ ಎಂಬುದು ಆ ಪಟ್ಟಿಯಲ್ಲಿಲ್ಲ. ಇಷ್ಟು ಸರಳವಾದ ವಿಂಗಡಣೆಗೆ ಅಷ್ಟು ಹೆಣಗಳು ಬೀಳಬೇಕಾಯಿತೆಂಬುದು ನಾಗರಿಕತೆಗೆ ಶೋಭೆಯಲ್ಲ.

ಇನ್ನು ಪರಿಸರವಾದಿಗಳ ಅಳುಕು. ಎ.ಸಿ. ಒಳಗಿನ ಶಾಖವನ್ನು ನಾಶ ಮಾಡುವುದಿಲ್ಲ, ಹೊರಗೆ ಸುರಿಯುತ್ತದೆ. ಫೀನಿಕ್ಸ್ ಕುರಿತು 2014ರಲ್ಲಿ ಅರಿಝೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ ಅಧ್ಯಯನದಂತೆ, ಎ.ಸಿ.ಗಳು ಹೊರಸೂಸುವ ಶಾಖ ರಾತ್ರಿಯ ಉಷ್ಣಾಂಶವನ್ನು ಕೆಲವೆಡೆ 1 ಡಿಗ್ರಿಗೂ ಹೆಚ್ಚು ಏರಿಸಬಲ್ಲದು. ಬಂಗಲೆಗಳ, ಮಾಲ್‌ಗಳ ದೊಡ್ಡ ಯಂತ್ರಗಳು ಕಾಯಿಸಿದ ರಾತ್ರಿಯ ಗಾಳಿಯೇ ತಗಡಿನ ಮನೆಯನ್ನೂ ಸುತ್ತುವರಿಯುತ್ತದೆ. ಆ ಮನೆಯವರಿಗೆ 500 ವ್ಯಾಟಿನ ಯಂತ್ರವನ್ನೂ ನಿರಾಕರಿಸಿ ಭೂಮಿ ಉಳಿಸಿದೆವೆಂದರೆ ಆ ಉಳಿತಾಯದ ಬೆಲೆ ತೆತ್ತವರು ಯಾರೆಂದು ಕೇಳಬೇಕಾಗುತ್ತದೆ.

ಯಂತ್ರದ ಕೆಲಸವನ್ನು ಹಗುರಗೊಳಿಸುವ ದಾರಿಗಳು ಮಾತ್ರ ಹಲವು. ಮಾಡಿಗೆ ಬಿಳಿಯ ಲೇಪ, ಪಡುವಣ ಗೋಡೆಗೆ ನೆರಳು, ನೆಲದಡಿಯ ಟೊಳ್ಳಿಗೆ ಸರಿಯಾದ ಮರೆ. ಎಲ್ಲಕ್ಕಿಂತ ಮಿಗಿಲಾದುದು ಮರ. ಬಳ್ಳಾರಿ ಜಾಲಿಯ ಬಂಧುವಾದ ಮೆಸ್ಕೀಟ್ ಆ ಮರುಭೂಮಿಯದೇ ಮರ. ಅಲ್ಪ ನೀರಿನಲ್ಲಿ ಬೆಳೆದು ನೆರಳು ಕೊಡುತ್ತದೆ. ಆದರೆ ಮರ ಬೇರೂರುವುದು ಒಡೆಯನ ನೆಲದಲ್ಲಿ. ಅದನ್ನು ನೆಡಲು ಅವನ ಅನುಮತಿ ಬೇಕು, ನೆಟ್ಟ ಮೇಲೆ ಅದು ಅವನದು.

ಕಾನೂನು ಬಂದ ಮೇಲೂ ಮನೆಯ ಬಳಿ ವಿದ್ಯುತ್ ಕೊಡುವ ಕಂಬದ ಪೆಟ್ಟಿಗೆ ಉಳಿದಿದೆ. ಹಳೆಯ ಮನೆಗಳ, ಹಳೆಯ ಪಾರ್ಕುಗಳ ತಂತಿಯನ್ನು ಎಳೆದಾಗ ಇಷ್ಟೊಂದು ಹೊರೆಯನ್ನು ಯಾರೂ ಎಣಿಸಿರಲಿಲ್ಲ. ಯಂತ್ರ ಕೂರಿಸುವ ಹಕ್ಕು ನಿವಾಸಿಯದು. ಪಾರ್ಕಿನ ತಂತಿ ಒಡೆಯನದು. ತಿಂಗಳ ಬಿಲ್ಲು ಮತ್ತೆ ನಿವಾಸಿಯದು. ತಂತಿಯನ್ನು ಬದಲಿಸಿ ಆ ಖರ್ಚನ್ನು ನೆಲಬಾಡಿಗೆಗೆ ಸೇರಿಸಿದರೆ, ಕಿಟಕಿ ತೆರೆಸಿಕೊಂಡ ವೃದ್ಧೆಯೇ ಅದನ್ನೂ ತುಂಬಬೇಕಾಗುತ್ತದೆ.