ಮೂವರ ಸೀಟು, ಕೊನೆಗೆ ಉಳಿಯುವ ಒಬ್ಬರು



ನಮ್ಮ ಕಡೆಯ ಹಳ್ಳಿ ಬಸ್ಸು ನೀವು ಹತ್ತಿರುತ್ತೀರಿ. ಒಂದು ಮಗ್ಗುಲಿಗೆ ಮೂವರ ಸೀಟು, ಇನ್ನೊಂದು ಮಗ್ಗುಲಿಗೆ ಇಬ್ಬರ ಸೀಟು. ಇವತ್ತಿನ ಗಣಿತವೆಲ್ಲ ಆ ಎರಡು ಸೀಟುಗಳ ಸುತ್ತಲೇ ಇದೆ.

ನಾನು ಹುಡುಗನಿದ್ದಾಗ ಗೋರ್ಟಾ (ಬಿ)ಯಿಂದ ಹುಮನಾಬಾದಿಗೆ ಒಂದು ಮದುವೆ ಬಸ್ಸು ಹೊರಟಿತ್ತು. ಜನರನ್ನು ಕೂಡಿಸುವ ಕೆಲಸ ನಮ್ಮ ಕಾಕಾನದು. ಗೋರ್ಟಾ ಅಂದೊಡನೆ ಬೀದರ್ ಜಿಲ್ಲೆಯವರಿಗೆ 1948ರ ಮೇ ತಿಂಗಳು ನೆನಪಾಗುತ್ತದೆ, ರಜಾಕಾರರ ಕೈಯಲ್ಲಿ ಪ್ರಾಣ ಕಳೆದುಕೊಂಡ ಊರ ಜನ ನೆನಪಾಗುತ್ತಾರೆ. ಆ ನೆನಪು ಹೊತ್ತ ಹಿರಿಯರು ಎಲ್ಲಿಗೆ ಹೊರಟರೂ ತಲೆ ಎಣಿಸದೆ ಹೊರಡುತ್ತಿರಲಿಲ್ಲ. ಕಾಕಾ ಎರಡು ಸಲ ಎಣಿಸಿದರು. ಆಮೇಲೆ ಯಾರ ಪಕ್ಕ ಯಾರು ಎಂದು ನೋಡತೊಡಗಿದರು. ಒಬ್ಬರಿಗೊಬ್ಬರು ಗುರುತಿಲ್ಲದ ಮೂವರು ಒಂದೇ ಸೀಟಿನಲ್ಲಿ ಕೂತರೆ ದಾರಿಯುದ್ದಕ್ಕೂ ಕಿಟಕಿ ನೋಡುತ್ತಾ ಹೋಗಬೇಕು. ಅದು ಕಾಕಾನಿಗೆ ಸೇರದು. "ಯಾರ್ಬಿ ಒಬ್ಬರೇ ಕುಂದರಬಾರ್ದು, ತಮ್ಮಾ" ಎಂದು ನನ್ನನ್ನು ಅಲ್ಲಿಂದಿಲ್ಲಿಗೆ ಎಬ್ಬಿಸಿ ಕೂಡಿಸುತ್ತಿದ್ದರು.

ಬಹಳ ವರ್ಷಗಳ ಮೇಲೆ ಗಣಿತ ಓದುವಾಗ ಕಾಕಾನ ಆ ಚಿಂತೆಗೆ ಒಂದು ಹೆಸರಿದೆ ಎಂದು ತಿಳಿಯಿತು: ಕ್ಲಿಕ್ ಫ್ಯಾಕ್ಟರ್. ಗ್ರಾಫ್ ಸಿದ್ಧಾಂತದಲ್ಲಿ ಗ್ರಾಫ್ ಎಂದರೆ ಒಂದಷ್ಟು ಬಿಂದುಗಳು, ಅವುಗಳ ನಡುವೆ ಒಂದಷ್ಟು ಗೆರೆಗಳು, ಅಷ್ಟೆ. ಬಿಂದುಗಳನ್ನು ಜನ ಅನ್ನಿ, ಗೆರೆಯನ್ನು ಗುರುತು ಅನ್ನಿ. ಒಂದು ಗುಂಪಿನಲ್ಲಿ ಎಲ್ಲರಿಗೂ ಎಲ್ಲರ ಗುರುತು ಇದ್ದರೆ ಅದು ಕ್ಲಿಕ್. ಮೂವರ ಕ್ಲಿಕ್ ಕಾಗದದ ಮೇಲೆ ತ್ರಿಕೋನವಾಗಿ ಕಾಣುತ್ತದೆ. ಇಡೀ ಬಳಗವನ್ನು ಒಂದೇ ಅಳತೆಯ ಕ್ಲಿಕ್‌ಗಳಾಗಿ, ಒಬ್ಬರೂ ಹೊರಗುಳಿಯದಂತೆ, ಒಬ್ಬರೂ ಎರಡು ಕಡೆ ಬರದಂತೆ ಒಡೆಯಲು ಬಂದರೆ ಅದೇ ಕ್ಲಿಕ್ ಫ್ಯಾಕ್ಟರ್.

ಬಸ್ಸಿನಲ್ಲಿ 30 ಜನ, ಮೂವರ ಸೀಟು 10 ಎಂದಿಟ್ಟುಕೊಳ್ಳಿ. ಎಲ್ಲ ರೀತಿಯಲ್ಲೂ ಕೂಡಿಸಿ ನೋಡಿದರಾಯಿತು ಅನ್ನಿಸಬಹುದು. 30 ಜನರಲ್ಲಿ ಮೂವರನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬ ಲೆಕ್ಕ ನಮ್ಮ ನೆಲದಲ್ಲಿ ಸಾವಿರ ವರ್ಷಕ್ಕೂ ಹಳೆಯದು. ಮಾನ್ಯಖೇಟ, ಅಂದರೆ ಇಂದಿನ ಸೇಡಂ ತಾಲ್ಲೂಕಿನ ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯರು 'ಗಣಿತಸಾರಸಂಗ್ರಹ' ಬರೆದರು. ಇಷ್ಟರಲ್ಲಿ ಇಷ್ಟನ್ನು ಆರಿಸುವ ಬಗೆಗಳೆಷ್ಟು ಎಂಬುದಕ್ಕೆ ಅದರಲ್ಲಿ ಸಾಮಾನ್ಯ ಸೂತ್ರವೇ ಇದೆ. ಅವರು ಕೊಟ್ಟ ಉದಾಹರಣೆ ಊಟದ್ದು: ಆರು ರಸಗಳನ್ನು ಬೆರೆಸುವ ಬಗೆಗಳೆಷ್ಟು? ಉತ್ತರ 63. ಅದೇ ಸೂತ್ರ ಹಿಡಿದರೆ ನಮ್ಮ ಬಸ್ಸಿನ 30 ಜನರಲ್ಲಿ ಮೂವರನ್ನು ಆರಿಸಲು 4,060 ಬಗೆ.

ಆದರೆ ಒಂದು ಸೀಟು ತುಂಬಿದರೆ ಸಾಲದು, ಹತ್ತೂ ತುಂಬಬೇಕು. 30 ಜನರನ್ನು ಮೂವರಂತೆ ಹತ್ತು ಗುಂಪು ಮಾಡುವ ಬಗೆಗಳು ಸುಮಾರು 12,000 ಕೋಟಿ ಕೋಟಿ. ಒಂದು ಸೆಕೆಂಡಿಗೆ ಒಂದು ಕೋಟಿಯಂತೆ ಪರೀಕ್ಷಿಸುವ ಕಂಪ್ಯೂಟರ್ ಇದ್ದರೂ 3,800 ವರ್ಷ ಬೇಕು. ಇಬ್ಬಿಬ್ಬರ ಜೋಡಿಗಾದರೆ ಚುರುಕಾದ ದಾರಿ ಇದೆ; 1965ರಲ್ಲಿ ಜ್ಯಾಕ್ ಎಡ್ಮಂಡ್ಸ್ ಅದನ್ನು ತೋರಿಸಿದರು. ಮೂವರಿಗೆ ಬಂದರೆ, ಯಾವ ಗ್ರಾಫ್ ಕೊಟ್ಟರೂ ಬೇಗ ಉತ್ತರ ಹೇಳುವ ವಿಧಾನ ಇದುವರೆಗೆ ಯಾರಿಗೂ ಸಿಕ್ಕಿಲ್ಲ. ಎರಡಕ್ಕೂ ಮೂರಕ್ಕೂ ನಡುವೆ ಇಷ್ಟು ದೊಡ್ಡ ಕಂದರ ಇದೆ ಎಂಬುದು ನನಗೆ ಇಂದಿಗೂ ಬೆರಗಿನ ಸಂಗತಿ.

ಹಾಗಾದರೆ ಪ್ರಶ್ನೆಯನ್ನೇ ತಿರುಗಿಸಿ ಕೇಳೋಣ. ಬಸ್ಸಿನಲ್ಲಿರುವ ಪ್ರತಿಯೊಬ್ಬರಿಗೂ ಕನಿಷ್ಠ ಎಷ್ಟು ಜನರ ಗುರುತಿದ್ದರೆ, ಆ ಗುರುತುಗಳು ಹೇಗೇ ಹರಡಿರಲಿ, ಎಲ್ಲರನ್ನೂ ಕೂಡಿಸಬಹುದು ಎಂದು ಖಾತ್ರಿಯಾಗಿ ಹೇಳಬಹುದು? ಇಂಥ ಪ್ರಶ್ನೆಗಳ ಶಾಖೆಗೆ ಎಕ್ಸ್‌ಟ್ರೀಮಲ್ ಗ್ರಾಫ್ ಸಿದ್ಧಾಂತ ಎಂದು ಹೆಸರು. ಪರಮಾವಧಿಯ ಲೆಕ್ಕ ಅನ್ನಬಹುದು.

ಮೊದಲು ಇಬ್ಬರ ಸೀಟು. 30 ಜನ, 15 ಸೀಟು. ಪ್ರತಿಯೊಬ್ಬರಿಗೂ ಕನಿಷ್ಠ 15 ಜನರ ಗುರುತಿದ್ದರೆ ಸಾಕು. ಗೇಬ್ರಿಯಲ್ ಡಿರಾಕ್ 1952ರಲ್ಲಿ ತೋರಿಸಿದ ಪ್ರಮೇಯದಿಂದ ಇದು ತಾನೇ ಬರುತ್ತದೆ. ಅದಿಲ್ಲದೆಯೂ ನಾವೇ ಸಾಧಿಸಬಹುದು, ಪೆನ್ನು ಕಾಗದ ಬೇಡ. ಆದಷ್ಟು ಜೋಡಿಗಳನ್ನು ಕೂಡಿಸಿದಿರಿ ಎನ್ನಿ. ಕೊನೆಗೆ ಇಬ್ಬರು ನಿಂತೇ ಇದ್ದಾರೆ, ಅವರಿಬ್ಬರಿಗೆ ಗುರುತಿಲ್ಲ. ಕೂತಿರುವುದು 14 ಜೋಡಿ, 28 ಜನ. ನಿಂತ ಇಬ್ಬರಿಗೂ ಒಬ್ಬೊಬ್ಬರಿಗೆ ಕನಿಷ್ಠ 15 ಗುರುತು, ಒಟ್ಟು 30. ಆ ಗುರುತಿನವರೆಲ್ಲ ಕೂತವರಲ್ಲೇ ಇದ್ದಾರೆ. 14 ಸೀಟುಗಳಿಗೆ 30 ಗೆರೆ ಹೋಗಬೇಕಾದರೆ ಯಾವುದೋ ಒಂದು ಸೀಟಿಗೆ ಮೂರಾದರೂ ಗೆರೆ ಹೋಗಲೇಬೇಕು. ಸೀಟಿಗೆ ಎರಡರಂತೆ ಹೋದರೆ 28 ಮಾತ್ರ ಆಗುತ್ತದೆ. ಆ ಸೀಟಿನಲ್ಲಿ ಕೂತ ಇಬ್ಬರನ್ನು ಎಬ್ಬಿಸಿ. ನಿಂತಿದ್ದ ಇಬ್ಬರಲ್ಲಿ ಒಬ್ಬರನ್ನು ಇವರಲ್ಲೊಬ್ಬರ ಜೊತೆ, ಇನ್ನೊಬ್ಬರನ್ನು ಉಳಿದವರ ಜೊತೆ ಕೂಡಿಸಿ. ನಾಲ್ಕು ಗೆರೆಗಳಲ್ಲಿ ಮೂರು ಇದ್ದ ಮೇಲೆ ಈ ಅದಲುಬದಲು ಒಂದು ಬಗೆಯಲ್ಲಾದರೂ ಆಗಿಯೇ ಆಗುತ್ತದೆ. ಒಂದು ಜೋಡಿ ಇದ್ದಲ್ಲಿ ಎರಡಾದವು, ನಿಂತವರು ಯಾರೂ ಇಲ್ಲ. ಕಾಕಾ ನನ್ನನ್ನು ಎಬ್ಬಿಸಿ ಕೂಡಿಸುತ್ತಿದ್ದದ್ದು ಇದೇ ಉಪಾಯ.

ಮೂವರ ಸೀಟಿಗೆ ಎಷ್ಟು ಗುರುತು ಬೇಕು? ಕೆರೆಸ್ತೇಯ್ ಕೊರಾಡಿ ಮತ್ತು ಆಂಡ್ರಾಸ್ ಹೈನಲ್ ಎಂಬ ಹಂಗೇರಿಯ ಗಣಿತಜ್ಞರು 1963ರಲ್ಲಿ ಹೇಳಿದರು: ಒಟ್ಟು ಜನರಲ್ಲಿ ಮೂರರಲ್ಲಿ ಎರಡು ಪಾಲು. ನಮ್ಮ ಬಸ್ಸಿಗೆ 20. ಪ್ರತಿಯೊಬ್ಬರಿಗೂ 20 ಜನರ ಗುರುತಿದ್ದರೆ ಹತ್ತು ಸೀಟೂ ತುಂಬುತ್ತವೆ.

19 ಇದ್ದರೆ? ಒಂದೇ ಕಡಿಮೆ ತಾನೆ? ಇಲ್ಲಿ ನೋಡಿ. ಗೋರ್ಟಾದವರು 19 ಜನ, ಎಲ್ಲರಿಗೂ ಎಲ್ಲರ ಗುರುತು. ಅವರ ಜೊತೆ ಬೇರೆ ಬೇರೆ ಊರಿನ 11 ಬೀಗರು: ಭಾಲ್ಕಿ, ಔರಾದ್, ಹುಲಸೂರು, ಬಸವಕಲ್ಯಾಣ, ಚಿಟಗುಪ್ಪ, ಚಿಂಚೋಳಿ, ಆಳಂದ, ಉಮರ್ಗಾ, ನಿಲಂಗಾ, ಜಹೀರಾಬಾದ್, ಹುಮನಾಬಾದ್. ಊರಿಗೊಬ್ಬರು. ಗೋರ್ಟಾದ 19 ಜನರೂ ಅವರಿಗೆ ಗೊತ್ತು, ಆದರೆ ಬೀಗರಿಗೆ ಬೀಗರು ಗೊತ್ತಿಲ್ಲ. ಒಂದು ಸೀಟಿನಲ್ಲಿ ಇಬ್ಬರು ಬೀಗರನ್ನು ಕೂಡಿಸುವಂತಿಲ್ಲ. ಹತ್ತು ಸೀಟಿಗೆ ಹೆಚ್ಚೆಂದರೆ ಹತ್ತು ಬೀಗರು. ಹನ್ನೊಂದನೆಯವರು ನಿಂತೇ ಉಳಿದರು. ಗೋರ್ಟಾದವರು ಎಷ್ಟೇ ಆತ್ಮೀಯರಿದ್ದರೂ, ಎಷ್ಟು ಸಲ ಎದ್ದು ಜಾಗ ಬದಲಿಸಿದರೂ, ಇದು ಆಗುವ ಕೆಲಸವಲ್ಲ. ಒಂದೇ ಒಂದು ಗುರುತಿನ ಅಂತರ, ಖಾತ್ರಿ ಹೋಯಿತು.

ಮೂವರಿಗೆ ಸಾಧಿಸಿದ್ದು ನಾಲ್ವರಿಗೆ, ಐವರಿಗೆ, ಎಷ್ಟು ಜನರ ಸೀಟಿಗಾದರೂ ನಿಲ್ಲುತ್ತದೆ ಎಂದು ಪಾಲ್ ಏರ್ಡಿಶ್ ಊಹಿಸಿದ್ದರು. ನಾಲ್ವರಿಗೆ ನಾಲ್ಕರಲ್ಲಿ ಮೂರು ಪಾಲು, ಐವರಿಗೆ ಐದರಲ್ಲಿ ನಾಲ್ಕು ಪಾಲು, ಹೀಗೆ. ಹೈನಲ್ ಅವರು ಎಂದ್ರೆ ಸೆಮೆರೆಡಿ ಎಂಬ ತರುಣನ ಜೊತೆ 1970ರಲ್ಲಿ ಅದನ್ನು ಸಾಧಿಸಿದರು. ಸೆಮೆರೆಡಿಗೆ 2012ರಲ್ಲಿ ಏಬೆಲ್ ಪ್ರಶಸ್ತಿ ಬಂತು. ಅವರಿಬ್ಬರ ಸಾಧನೆ ಉದ್ದ, ಓದಲು ಬಹಳ ಕಷ್ಟ. 2008ರಲ್ಲಿ ಹಾಲ್ ಕಿಯರ್‌ಸ್ಟೆಡ್ ಮತ್ತು ಅಲೆಕ್ಸಾಂಡರ್ ಕೊಸ್ಟೊಚ್ಕಾ ಚಿಕ್ಕದೊಂದು ಸಾಧನೆ ಕೊಟ್ಟರು.

ಈ ಪ್ರಮೇಯವನ್ನು ಮಗುಚಿ ಓದಿದರೆ ಶಾಲಾ ಕಾಲೇಜಿನ ಪರೀಕ್ಷಾ ವೇಳಾಪಟ್ಟಿ ಆಗುತ್ತದೆ. ಗುರುತು ಇಲ್ಲದಿರುವುದನ್ನು ಘರ್ಷಣೆ ಎಂದು ಕರೆಯಿರಿ: ಒಬ್ಬನೇ ವಿದ್ಯಾರ್ಥಿ ಬರೆಯಬೇಕಾದ ಎರಡು ಪತ್ರಿಕೆಗಳು ಒಂದೇ ಹೊತ್ತಿಗೆ ಬರಬಾರದು. 30 ಪತ್ರಿಕೆಗಳಿದ್ದು, ಯಾವ ಪತ್ರಿಕೆಗೂ 9ಕ್ಕಿಂತ ಹೆಚ್ಚು ಪತ್ರಿಕೆಗಳ ಜೊತೆ ಘರ್ಷಣೆ ಇಲ್ಲದಿದ್ದರೆ, ಹತ್ತು ಹೊತ್ತಿನಲ್ಲಿ, ಹೊತ್ತಿಗೆ ಸರಿಯಾಗಿ ಮೂರರಂತೆ, ಪರೀಕ್ಷೆ ಮುಗಿಸಬಹುದು. ವೇಳಾಪಟ್ಟಿ ಮಾಡಲು ಕೂತು ಬೆವರಿದ ಮೇಷ್ಟ್ರುಗಳಿಗೆ ಇದರ ಬೆಲೆ ಗೊತ್ತು. ಗ್ರಾಫ್ ಸಿದ್ಧಾಂತ ನಮಗೆ ದೂರದ ವಿದ್ಯೆಯೂ ಅಲ್ಲ. ಧಾರವಾಡದಲ್ಲಿ ಇ. ಸಂಪತ್‌ಕುಮಾರ್, ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ವಿ. ಆರ್. ಕುಲ್ಲಿ ಇದರಲ್ಲಿ ಕೆಲಸ ಮಾಡಿ ಶಿಷ್ಯರನ್ನು ಬೆಳೆಸಿದರು.

ಆದರೆ ಪರಮಾವಧಿಯ ಲೆಕ್ಕ ಬಲು ಎಚ್ಚರಿಕೆಯದು, ಯಾರೋ ಬೇಕೆಂದೇ ಹನ್ನೊಂದು ಅಪರಿಚಿತ ಬೀಗರನ್ನು ತಂದು ಹತ್ತಿಸಬಹುದು ಎಂದು ಹೆದರಿ ಮಾಡಿದ್ದು. ದಿನನಿತ್ಯದ ಬಸ್ಸಿನಲ್ಲಿ ಗುರುತು ಹಾಗೆ ಹೂಡಿ ಇಟ್ಟಂತೆ ಇರುವುದಿಲ್ಲ. ಯಾರಿಗೆ ಯಾರು ಗೊತ್ತು ಎಂಬುದನ್ನು ಚೀಟಿ ಎತ್ತಿ ನಿಶ್ಚಯಿಸಿದರೆ ಏನಾಗುತ್ತದೆ? ಏರ್ಡಿಶ್ ಮತ್ತು ಆಲ್ಫ್ರೆಡ್ ರೇನಿ 1959ರಿಂದ ಇಂಥ ಯಾದೃಚ್ಛಿಕ ಗ್ರಾಫ್‌ಗಳನ್ನು ಅಭ್ಯಾಸ ಮಾಡಿದರು. ಇಲ್ಲಿಂದ ಲೆಕ್ಕದ ಚಹರೆಯೇ ಬದಲಾಗುತ್ತದೆ.

ಬಸ್ಸಿನ ಬದಲು ಒಂದು ಜಾತ್ರೆಯನ್ನು ಊಹಿಸಿಕೊಳ್ಳಿ, 999 ಜನ. ಕೊರಾಡಿ ಮತ್ತು ಹೈನಲ್ ಅವರ ಖಾತ್ರಿ ಬೇಕಾದರೆ ಪ್ರತಿಯೊಬ್ಬರಿಗೂ 666 ಜನರ ಗುರುತಿರಬೇಕು. ಚೀಟಿ ಎತ್ತಿದ ಜಾತ್ರೆಯಲ್ಲಿ ಒಬ್ಬರು ಹೊರಗುಳಿಯಲು ಎಲ್ಲಕ್ಕಿಂತ ಸರಳ ಕಾರಣ ಒಂದೇ: ಅವರು ಯಾವ ತ್ರಿಕೋನದಲ್ಲೂ ಇಲ್ಲ. ಅವರಿಗೆ ಗೊತ್ತಿರುವ ಯಾವ ಇಬ್ಬರಿಗೂ ಪರಸ್ಪರ ಗುರುತಿಲ್ಲ. ಸರಾಸರಿ 24 ಗುರುತು ಇದ್ದರೆ ಇಂಥವರು ಹತ್ತರ ಆಸುಪಾಸು ಸಿಗುತ್ತಾರೆ. ಸರಾಸರಿಯನ್ನು 35ಕ್ಕೆ ಏರಿಸಿದರೆ ಅಂಥವರು ಒಬ್ಬರೂ ಇರದ ಸಾಧ್ಯತೆಯೇ ಬಹಳ ಹೆಚ್ಚು. 666 ಎಲ್ಲಿ, 35 ಎಲ್ಲಿ!

ಜನ ಹೆಚ್ಚಿದಂತೆ ಬೇಕಾಗುವ ಗುರುತು ಬೆಳೆಯುವ ರೀತಿಯೂ ಸ್ವಾರಸ್ಯದ್ದು. ಒಟ್ಟು ಜನಸಂಖ್ಯೆಯ ಘನಮೂಲದಷ್ಟು ಗುರುತು ಇದ್ದರೆ ಒಬ್ಬೊಬ್ಬರ ಪಾಲಿಗೆ ಸರಾಸರಿ ಅರ್ಧ ತ್ರಿಕೋನ ಸಿಗುತ್ತದೆ. ಆ ಸಂಖ್ಯೆಯನ್ನು ಒಂದೆರಡು ಪಟ್ಟು ಹೆಚ್ಚಿಸಿದರೆ ಬಹುಪಾಲು ಜನ ಒಂದಲ್ಲ ಒಂದು ತ್ರಿಕೋನಕ್ಕೆ ಸೇರಿಬಿಡುತ್ತಾರೆ. ಎಲ್ಲರೂ ಸೇರಬೇಕೆಂದರೆ ಮಾತ್ರ ಅದನ್ನು ಜನಸಂಖ್ಯೆಯ ಲಾಗರಿದಮ್‌ನ ಘನಮೂಲದಿಂದ ಗುಣಿಸಬೇಕು. ಸೂತ್ರದ ಮೂಲೆಯಲ್ಲಿ ಕೂತ ಆ ಪುಟ್ಟ ಗುಣಕವನ್ನು ವಿದ್ಯಾರ್ಥಿಗಳು ಗಮನಿಸದೆ ದಾಟಿಬಿಡುತ್ತಾರೆ. ನಾನು ಅಲ್ಲೇ ನಿಲ್ಲಿಸುತ್ತೇನೆ. ಹೆಚ್ಚು ಜನರಿಗಾಗಿ ಅದು ಬೇಕಿಲ್ಲ, ಕೊನೆಗೆ ಉಳಿದ ಕೆಲವರಿಗಾಗಿಯೇ ಬೇಕು.

ಒಬ್ಬೊಬ್ಬರೂ ಒಂದು ತ್ರಿಕೋನದಲ್ಲಿದ್ದಾರೆ ಅಂದ ಮಾತ್ರಕ್ಕೆ ಎಲ್ಲರನ್ನೂ ಒಟ್ಟಿಗೆ ಕೂಡಿಸಬಹುದೆ? ನಿಮ್ಮ ತ್ರಿಕೋನಕ್ಕೂ ನನ್ನ ತ್ರಿಕೋನಕ್ಕೂ ಒಬ್ಬನೇ ಗೆಳೆಯ ಬೇಕಾದರೆ? ಇಬ್ಬರ ಜೋಡಿಗೆ ಏರ್ಡಿಶ್ ಮತ್ತು ರೇನಿ 1966ರಲ್ಲೇ ಉತ್ತರ ಕೊಟ್ಟಿದ್ದರು. ಮೂವರಿಗೆ ಆ ಎಬ್ಬಿಸಿ ಕೂಡಿಸುವ ಉಪಾಯ ಕೈಕೊಡುತ್ತದೆ. ನಲವತ್ತು ವರ್ಷಗಳ ಮೇಲೆ, 2008ರಲ್ಲಿ, ಆಂಡರ್ಸ್ ಜೋಹಾನ್ಸನ್, ಜೆಫ್ ಕಾನ್ ಮತ್ತು ವಾನ್ ವೂ ಬೇಕಾದ ಗುರುತಿನ ಪ್ರಮಾಣ ಇಷ್ಟೇ, ಆ ಲಾಗರಿದಮ್ ಗುಣಕದ ಸಮೇತ, ಎಂದು ಸಾಧಿಸಿದರು. ಆ ಪ್ರಬಂಧಕ್ಕೆ 2012ರಲ್ಲಿ ಫುಲ್ಕರ್ಸನ್ ಪ್ರಶಸ್ತಿ ಸಂದಿತು. ಹತ್ತು ವರ್ಷದ ಮೇಲೆ ಜಿನ್ಯಂಗ್ ಪಾರ್ಕ್ ಮತ್ತು ಹುಯ್ ತುವಾನ್ ಫಾಮ್ ಇನ್ನೂ ವಿಶಾಲವಾದ ಒಂದು ಊಹೆಯನ್ನು ಕೆಲವೇ ಪುಟಗಳಲ್ಲಿ ಸಾಧಿಸಿದಾಗ, ಆ ಗುಣಕದ ನಿಖರ ಅಳತೆಯೊಂದನ್ನು ಬಿಟ್ಟರೆ ಈ ಫಲವೂ ಅದರೊಳಗೆ ಬಂತು. ಪಾರ್ಕ್ ಸಂಶೋಧನೆಗೆ ಬರುವ ಮೊದಲು ಕೊರಿಯಾದಲ್ಲಿ ಶಾಲಾ ಶಿಕ್ಷಕಿಯಾಗಿದ್ದರು. ನಮ್ಮ ಹಳ್ಳಿ ಶಾಲೆಗಳ ಗಣಿತ ಮೇಷ್ಟ್ರು, ಮೇಡಂಗಳಿಗೆ ಈ ಮಾತನ್ನು ಬೇಕೆಂದೇ ಹೇಳುತ್ತಿದ್ದೇನೆ.

ಪ್ರಮಾಣ ಗೊತ್ತಾಯಿತು, ಸರಿ. ಸರಿಯಾದ ಕ್ಷಣ ಯಾವುದು? ಗುರುತುಗಳು ಒಂದೊಂದಾಗಿ ಹುಟ್ಟುತ್ತಿವೆ ಎಂದುಕೊಳ್ಳಿ. ಜಾತ್ರೆಯಲ್ಲಿ ಯಾರೋ ಇಬ್ಬರು ಈಗ ಮಾತಾಡಿದರು, ಒಂದು ಗೆರೆ. ಇನ್ನಿಬ್ಬರು, ಇನ್ನೊಂದು ಗೆರೆ. 2023ರಲ್ಲಿ ಅನ್ನಿಕಾ ಹೆಕೆಲ್, ಮಾರ್ಕ್ ಕೌಫ್‌ಮನ್, ನೋಯೆಲಾ ಮ್ಯುಲರ್, ಮತಿಯಾ ಪಾಶ್ ಈ ಪ್ರಶ್ನೆಗೆ ಉತ್ತರ ಕೊಟ್ಟರು. ಜನ ಬಹಳವಿದ್ದಾಗ, ಹೆಚ್ಚೂಕಡಿಮೆ ಖಚಿತವಾಗಿ, ಯಾವ ಗೆರೆ ಬಿದ್ದಾಗ ಕಟ್ಟಕಡೆಯ ವ್ಯಕ್ತಿ ತನ್ನ ಮೊದಲ ತ್ರಿಕೋನಕ್ಕೆ ಸೇರುತ್ತಾನೋ, ಅದೇ ಗೆರೆಯಲ್ಲಿ ಇಡೀ ಜಾತ್ರೆ ಮೂವರು ಮೂವರಾಗಿ ಕೂಡಬಲ್ಲದು. ಒಂದು ಗೆರೆ ಮುಂಚೆ ಆಗದು, ಒಂದು ಗೆರೆ ತಡವೂ ಬೇಕಿಲ್ಲ. ತ್ರಿಕೋನಗಳ ಪೈಪೋಟಿ, ಒಬ್ಬ ಗೆಳೆಯನಿಗಾಗಿ ಇಬ್ಬರ ಜಗ್ಗಾಟ, ಇವೆಲ್ಲ ಅಷ್ಟರಲ್ಲಿ ತಾವೇ ಬಗೆಹರಿದಿರುತ್ತವೆ. ಅಲ್ಲಿಯವರೆಗೆ ತಡೆದು ಹಿಡಿದಿದ್ದದ್ದು ಆ ಒಬ್ಬ ವ್ಯಕ್ತಿ ಮಾತ್ರ.

ಆ ಮದುವೆ ದಿನ ಬಸ್ಸು ಹೊರಡಲು ತಡವಾಯಿತು. ಡ್ರೈವರ್ ಎರಡು ಸಲ ಹಾರ್ನ್ ಹೊಡೆದ. ಹಿಂದಿನ ಬಾಗಿಲ ಹತ್ತಿರ ನಿಲಂಗಾದಿಂದ ಬಂದಿದ್ದ ಒಬ್ಬ ಅಜ್ಜಿ ಕಂಬ ಹಿಡಿದು ನಿಂತಿದ್ದರು, ಮಾತು ಮರಾಠಿ. ಕಾಕಾ ಬಸ್ಸಿನ ಉದ್ದಕ್ಕೂ ನಡೆದು ಅಜ್ಜಿಯ ತವರಿನ ಕಡೆಯವರು ಯಾರಾದರೂ ಇದ್ದಾರಾ ಎಂದು ಸೀಟು ಸೀಟಿಗೆ ಕೇಳಿದರು. ನಾಲ್ಕನೇ ಸೀಟಿನಲ್ಲಿ ಇಬ್ಬರು ಅಕ್ಕತಂಗಿಯರು ಕೈ ಎತ್ತಿದರು. ಅವರ ಪಕ್ಕ ಕೂತಿದ್ದವನು ನಾನು. ಎದ್ದು ಕಾಕಾನ ಹತ್ತಿರ ಹೋದೆ.